ನಾಲ್ವರ ಬೇಟೆ: ಕೈಯಂತ್ರದ ಒಂದು ಜಪಾನೀ ಆಟದ ಪರಿಚಯ

ಪಾಠಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಇಂದು ಹಿರಿಯರ ಬಾಯಿಂದ ಕೇಳಿಬರುವ ದೂರುಗಳಲ್ಲಿ ಮೊದಲನೆಯದು, ಹುಡುಗರು ಯಂತ್ರದ ಆಟಗಳಲ್ಲಿ ಮುಳುಗಿರುವರೆಂಬುದು. ದೂರು ನಿರಾಧಾರವಾದುದಲ್ಲ. ಆದರೆ ದೂರುವವರಲ್ಲಿ ಹೆಚ್ಚಿನವರು ಆ ಆಟ ಯಾವುದು, ಅದರೊಳಗೆ ಮಗು ಏನು ಮಾಡುತ್ತಿದೆ ಎಂಬುದನ್ನು ತಿಳಿಯುವ ಗೋಜಿಗೆ ಹೋಗಿರುವುದಿಲ್ಲ. ಪುಸ್ತಕವೆಂದ ಮಾತ್ರಕ್ಕೆ ಪಂಚಾಂಗವೂ ಪತ್ತೇದಾರಿ ಕಾದಂಬರಿಯೂ ಶೂನ್ಯಸಂಪಾದನೆಯೂ ಒಂದೇ ಎಂದು ಯಾರೂ ಭಾವಿಸುವುದಿಲ್ಲ. ಯಂತ್ರದ ಆಟಗಳ ವಿಷಯದಲ್ಲಿ ಮಾತ್ರ ಈ ವಿವೇಚನೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಹಣ ಕಟ್ಟಿಸಿಕೊಳ್ಳುವ ಇಸ್ಪೀಟೂ, ನೂರು ಮಂದಿ ಒಬ್ಬರನ್ನೊಬ್ಬರು ಕೊಂದು ಕೊನೆಗೊಬ್ಬನು ಉಳಿಯುವ ಕಾಳಗವೂ, ನಾಲ್ವರು ಕೂಡಿ ಒಂದು ಕಾರ್ಯವನ್ನು ಸಾಧಿಸುವ ಆಟವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಿವೆ. ಆದುದರಿಂದ ಈ ಮೂರನೆಯ ಬಗೆಗೆ ಸೇರಿದ, ಜಪಾನಿನಲ್ಲಿ ಒಂದು ತಲೆಮಾರಿನ ಯುವಕರನ್ನು ಸೆಳೆದ ಆಟವೊಂದನ್ನು ಆರಿಸಿಕೊಂಡು, ಅದು ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಆಟದ ಹೆಸರು 'ಮಾನ್‌ಸ್ಟರ್ ಹಂಟರ್', ಎಂದರೆ ಘೋರಮೃಗಗಳ ಬೇಟೆಗಾರ.

ಇದನ್ನು ರಚಿಸಿದುದು ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಸಂಸ್ಥೆ. ೨೦೦೪ರ ಮಾರ್ಚಿಯಲ್ಲಿ ಮೊದಲು ಹೊರಬಂದಾಗ ಅದು ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ ೨ ಎಂಬ ಯಂತ್ರಕ್ಕಾಗಿ ಸಿದ್ಧವಾದ ಆಟವಾಗಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋನಿ ಸಂಸ್ಥೆಯು 'ಪ್ಲೇಸ್ಟೇಷನ್ ಪೋರ್ಟಬಲ್' ಎಂಬ ಕೈಯಂತ್ರವನ್ನು ಜಪಾನಿನಲ್ಲಿ ಮಾರಾಟಕ್ಕೆ ತಂದಿತು. ಸುಮಾರು ೨೮೦ ಗ್ರಾಂ ತೂಕದ, ಮೂಲೆಯಿಂದ ಮೂಲೆಗೆ ನಾಲ್ಕೂಕಾಲು ಅಂಗುಲದಷ್ಟು ಅಳತೆಯ ತೆರೆಯುಳ್ಳ ಈ ಯಂತ್ರವನ್ನು ಎರಡು ಕೈಗಳಲ್ಲಿ ಹಿಡಿದು ಎಲ್ಲಿ ಬೇಕಾದರೂ ಕುಳಿತು ಆಡಬಹುದಾಗಿತ್ತು. ಅದಕ್ಕಿಂತ ಮುಖ್ಯವಾದ ಗುಣ ಇನ್ನೊಂದು: ಹತ್ತಿರ ಹತ್ತಿರ ಇರಿಸಿದ ಯಂತ್ರಗಳು ನಡುವೆ ಯಾವ ತಂತಿಯೂ ಇಲ್ಲದೆ, ಯಾವ ಕಂಪನಿಯ ಜಾಲದ ನೆರವೂ ಇಲ್ಲದೆ, ರೇಡಿಯೋ ಅಲೆಗಳ ಮೂಲಕ ತಮ್ಮತಮ್ಮೊಳಗೇ ಮಾತನಾಡಿಕೊಳ್ಳಬಲ್ಲವಾಗಿದ್ದವು. ಈ ಗುಣವನ್ನು ಬಳಸಿಕೊಂಡು ೨೦೦೫ರ ಡಿಸೆಂಬರಿನಲ್ಲಿ 'ಮಾನ್‌ಸ್ಟರ್ ಹಂಟರ್ ಪೋರ್ಟಬಲ್' ಹೊರಬಂದಿತು. ೨೦೦೭ರಲ್ಲಿ ಅದರ ಎರಡನೆಯ ಭಾಗ, ೨೦೦೮ರಲ್ಲಿ ಆ ಎರಡನೆಯದರ ವಿಸ್ತೃತ ಆವೃತ್ತಿ, ೨೦೧೦ರಲ್ಲಿ ಮೂರನೆಯ ಭಾಗ ಬಂದವು. ಮೂರನೆಯದು ಜಪಾನಿನ ಹೊರಗೆ ಮಾರಾಟಕ್ಕೇ ಬರಲಿಲ್ಲ. ಆದರೂ ಅದರ ೪೫ ಲಕ್ಷಕ್ಕೂ ಮಿಕ್ಕ ಪ್ರತಿಗಳು ಖರ್ಚಾದವು.

ಇನ್ನು ಆಟದ ಒಳಗನ್ನು ಪ್ರವೇಶಿಸೋಣ. ಆಡುವವನು ಒಂದು ಸಣ್ಣ ಹಳ್ಳಿಯ ಬೇಟೆಗಾರ. ೨೦೦೭ ಮತ್ತು ೨೦೦೮ರ ಆವೃತ್ತಿಗಳಲ್ಲಿ ಈ ಹಳ್ಳಿ ಹಿಮಪರ್ವತದ ಮಗ್ಗುಲಲ್ಲಿರುವ 'ಪೊಕ್ಕೆ' ಎಂಬುದು. ಹಳ್ಳಿಯಲ್ಲಿ ಕಮ್ಮಾರನ ಅಂಗಡಿ, ದಿನಸಿಯ ಅಂಗಡಿ, ಬೆಕ್ಕುಗಳು ಅಡುಗೆ ಮಾಡುವ ಒಂದು ಪಾಕಶಾಲೆ, ಬೇಟೆಗಾರರು ನೆರೆಯುವ ಸಂಘದ ಚಾವಡಿ ಇವೆ. ಬಬ್ಬೂರಿನ ವಾಚಕರಿಗೆ ಕುತೂಹಲವೆನಿಸಬಹುದಾದ ಸಂಗತಿಯೆಂದರೆ, ಹಳ್ಳಿಗೆ ಸೇರಿದಂತೆ ಒಂದು ಫಾರಂ ಕೂಡ ಇದೆ. ನಮ್ಮ ಬಬ್ಬೂರು ಫಾರಂ ಕೃಷಿ ಸಂಶೋಧನೆಗೆ ಹೆಸರಾದುದು; ಆಟದ ಫಾರಮಾದರೋ ಬೇಟೆಗಾರನ ಕೈತೋಟ. ಅಲ್ಲಿ ಬೀಜ ಬಿತ್ತಿ ಬೇಟೆಗೆ ಹೋಗಿ ಬಂದರೆ ಬೆಳೆ ಕೈಗೆ ಬಂದಿರುತ್ತದೆ. ಗುದ್ದಲಿಯಿಂದ ಅದಿರು ಅಗೆಯಬಹುದು, ಮೀನು ಹಿಡಿಯಬಹುದು, ಹುಳುಗಳನ್ನು ಸಂಗ್ರಹಿಸಬಹುದು. ಇವೆಲ್ಲವೂ ಬೇಟೆಗೆ ಬೇಕಾದ ಸಾಮಗ್ರಿಗಳೇ. ಬೇರು, ಅಣಬೆ, ಜೇನು ಇವುಗಳನ್ನು ಗೊತ್ತಾದ ಕ್ರಮದಲ್ಲಿ ಕೂಡಿಸಿದರೆ ಗಾಯ ಮಾಗಿಸುವ ಔಷಧ ಸಿದ್ಧವಾಗುತ್ತದೆ. ಒಂದು ಮೂಲಿಕೆಗೆ ನೀಲಿ ಅಣಬೆ ಸೇರಿದರೆ ಸಾಧಾರಣ ಔಷಧ, ಆ ಔಷಧಕ್ಕೆ ಜೇನು ಸೇರಿದರೆ ಉತ್ತಮ ಔಷಧ. ಪಂಡಿತರ ಮನೆಯ ಅನುಪಾನದ ಲೆಕ್ಕವನ್ನು ಹುಡುಗರು ಹೀಗೆ ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಸಾಮಾನ್ಯವಾಗಿ ಇಂತಹ ಆಟಗಳಲ್ಲಿ ಶತ್ರುಗಳನ್ನು ಗೆದ್ದಷ್ಟೂ ಆಟದ ನಾಯಕನ ಬಲ ತಾನಾಗಿಯೇ ಏರುತ್ತ ಹೋಗುವುದು ವಾಡಿಕೆ. ಇಲ್ಲಿ ಹಾಗಿಲ್ಲ. ನೂರು ಬೇಟೆಯಾಡಿದವನ ಮೈಬಲವೂ ಮೊದಲ ದಿನದವನ ಮೈಬಲವೂ ಹೆಚ್ಚುಕಡಿಮೆ ಒಂದೇ. ಬದಲಾಗುವವು ಎರಡು: ಒಂದು, ಕೈಯಲ್ಲಿರುವ ಆಯುಧ ಮತ್ತು ಮೈಮೇಲಿನ ಕವಚ, ಇವನ್ನು ಬೇಟೆಯ ಮೃಗದ ಮೂಳೆ, ಚರ್ಮ, ಹುರುಪೆಗಳಿಂದ ಕಮ್ಮಾರನು ಮಾಡಿಕೊಡುತ್ತಾನೆ. ಎರಡನೆಯದು ಆಡುವವನ ಸ್ವಂತ ತಿಳಿವಳಿಕೆ. ಈ ಎರಡನೆಯದೇ ಆಟದ ಜೀವಾಳವೆನ್ನಬೇಕು. ಏಕೆಂದರೆ ಮೃಗಕ್ಕೆ ಎಷ್ಟು ಪ್ರಾಣ ಉಳಿದಿದೆ ಎಂಬುದನ್ನು ತೋರಿಸುವ ಯಾವ ಅಂಕಿಯೂ ಗೆರೆಯೂ ತೆರೆಯ ಮೇಲೆ ಕಾಣುವುದಿಲ್ಲ. ಅದರ ನಡೆಯನ್ನು ನೋಡಿಯೇ ಊಹಿಸಬೇಕು. ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ ಹಸಿದಿದೆ, ದಣಿದಿದೆ. ಕುಂಟುತ್ತ ಗೂಡಿನ ಕಡೆ ಹೊರಟರೆ ಸಾವಿಗೆ ಹತ್ತಿರವಾಗಿದೆ, ಅಲ್ಲಿ ಹೋಗಿ ನಿದ್ರಿಸಿ ಚೇತರಿಸಿಕೊಳ್ಳುವ ಉದ್ದೇಶ ಅದರದು.

ಮೃಗಗಳ ಸ್ವಭಾವವನ್ನು ಕಲ್ಪಿಸುವುದರಲ್ಲಿ ಈ ಆಟದ ರಚನಕಾರರು ತೋರಿಸಿರುವ ಶ್ರದ್ಧೆ ಮೆಚ್ಚತಕ್ಕದ್ದು. 'ಯಿಯನ್ ಕುಟ್‌ಕು' ಎಂಬುದು ಹೊಸಬರಿಗೆ ಮೊದಲ ಪಾಠ ಕಲಿಸುವ ಹಕ್ಕಿಮೃಗ. ಅದಕ್ಕೆ ಬೀಸಣಿಗೆಯಂತಹ ದೊಡ್ಡ ಕಿವಿಗಳು. ಕಿವಿ ದೊಡ್ಡದಾದುದರಿಂದ ಸದ್ದು ಮಾಡುವ ಸಿಡಿಗುಂಡನ್ನು ಎಸೆದರೆ ಕ್ಷಣಕಾಲ ಮಂಕಾಗಿ ನಿಲ್ಲುತ್ತದೆ. ಪ್ರಾಣ ಕುಂದಿದಾಗ ಆ ಕಿವಿಗಳು ಮಡಿಚಿಕೊಳ್ಳುತ್ತವೆ. 'ಖೆಜು' ಎಂಬ ಮಸಕು ಬಿಳಿಯ ಪ್ರಾಣಿಗೆ ಕಣ್ಣೇ ಇಲ್ಲ. ಗವಿಯ ಮಾಳಿಗೆಗೆ ಅಂಟಿಕೊಂಡು ವಾಸನೆಯಿಂದ ಬೇಟೆ ಹುಡುಕುತ್ತದೆ, ಆದುದರಿಂದ ಉಳಿದ ಮೃಗಗಳನ್ನು ಕುರುಡಾಗಿಸುವ ಬೆಳಕಿನ ಗುಂಡು ಇದರ ಮುಂದೆ ನಿಷ್ಪ್ರಯೋಜಕ. 'ಜಿಪ್ಸೆರೋಸ್' ಎಂಬುದು ನಮ್ಮ ಕಥೆಗಳ ನರಿಯಂತೆ ಸತ್ತ ಸೋಗು ಹಾಕುತ್ತದೆ. ಬೇಟೆ ಮುಗಿಯಿತೆಂದು ಚೂರಿ ಹಿಡಿದು ಹತ್ತಿರ ಹೋದವನಿಗೆ ಒದೆ ತಪ್ಪಿದ್ದಲ್ಲ. ಒಮ್ಮೆ ಒದೆ ತಿಂದ ಹುಡುಗ ಮುಂದಿನ ಸಲ ಬೇಟೆ ಮುಗಿಯಿತೆಂಬ ಘೋಷಣೆ ಬರುವವರೆಗೆ ದೂರ ನಿಲ್ಲುತ್ತಾನೆ. ಪಾಠ ಹೇಳುವ ರೀತಿಗಳಲ್ಲಿ ಇದೂ ಒಂದು. ಅಧ್ಯಾಪಕರಿಗೆ ಇದರ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ.

ಪ್ರತಿಯೊಂದು ಬೇಟೆಗೂ ಮೊದಲು ಪರವಾನಗಿ ಪಡೆಯಬೇಕು, ಕಾಲಾವಧಿ ಸಾಮಾನ್ಯವಾಗಿ ೫೦ ನಿಮಿಷ. ಕಾಡು, ಮರುಭೂಮಿ, ಜೌಗು, ಹಿಮಗಿರಿ ಹೀಗೆ ಸ್ಥಳಗಳು ಬೇರೆಬೇರೆ. ಹಿಮದಲ್ಲಿ ಬಿಸಿಪಾನಕವನ್ನೂ ಮರಳಿನಲ್ಲಿ ತಂಪುಪಾನಕವನ್ನೂ ಕುಡಿಯದಿದ್ದರೆ ಬೇಟೆಗಾರನ ಶಕ್ತಿ ಇಳಿಯುತ್ತ ಹೋಗುತ್ತದೆ. ಕತ್ತಿಯ ಅಲಗು ಹೊಡೆದಷ್ಟೂ ಮೊಂಡಾಗುವುದರಿಂದ ಸಾಣೆಕಲ್ಲು ಜೊತೆಯಲ್ಲಿರಬೇಕು, ಸಾಣೆ ಹಿಡಿಯಲು ಮೃಗದಿಂದ ದೂರ ಸರಿಯಬೇಕು. ಔಷಧ ಕುಡಿಯುವಾಗಲೂ ಕೆಲವು ಕ್ಷಣ ನಿಂತಲ್ಲಿಯೇ ನಿಲ್ಲಬೇಕಾಗುತ್ತದೆ. ಆತುರದಲ್ಲಿ ಕುಡಿಯಹೋದವನು ಕುಡಿದ ಔಷಧಕ್ಕಿಂತ ಹೆಚ್ಚು ಪೆಟ್ಟು ತಿನ್ನುವನು. ಆಯುಧಗಳು ಎರಡನೆಯ ಭಾಗದಲ್ಲಿ ೧೧ ಬಗೆ. ಎತ್ತಲಾರದಷ್ಟು ಭಾರದ ಖಡ್ಗ, ಜೋಡಿಗತ್ತಿ, ಸುತ್ತಿಗೆ, ಗುರಾಣಿಯೊಡನೆ ಭರ್ಜಿ, ಬಿಲ್ಲು, ಕೋವಿ ಮುಂತಾದ ಇವುಗಳ ನಡುವೆ ವಿಲಕ್ಷಣವಾದುದೊಂದು ಕಹಳೆ. ಇದನ್ನು ಹಿಡಿದವನು ಗೊತ್ತಾದ ಸ್ವರಗಳನ್ನು ಸಾಲಾಗಿ ನುಡಿಸಿದರೆ ಜೊತೆಗಾರರೆಲ್ಲರ ಬಲವೋ ರಕ್ಷಣೆಯೋ ಹೆಚ್ಚುತ್ತದೆ. ತಾನು ಹೊಡೆಯುವುದಕ್ಕಿಂತ ಉಳಿದ ಮೂವರು ಚೆನ್ನಾಗಿ ಹೊಡೆಯುವಂತೆ ಮಾಡುವುದು ಇವನ ಕೆಲಸ. ಕರಡಿಮಜಲು, ನಂದಿಕೋಲು, ಸಮಾಳಗಳ ನಾದ ಕೇಳಿ ಬೆಳೆದ ನಮ್ಮ ಸೀಮೆಯ ಮಕ್ಕಳಿಗೆ, ವಾದ್ಯಗಾರನೂ ಮೆರವಣಿಗೆಯ ಒಂದು ಅಂಗವೇ ಎಂಬುದು ಹೊಸ ವಿಷಯವೇನಲ್ಲ.

ಕೂಡಿ ಆಡುವಲ್ಲಿನ ನಿಯಮಗಳನ್ನು ಈಗ ನೋಡಬೇಕು. ಒಂದು ಬೇಟೆಗೆ ಹೆಚ್ಚೆಂದರೆ ನಾಲ್ವರು. ಯಾರಾದರೂ ಮೂರ್ಛೆ ಹೋದರೆ ಬೆಕ್ಕುಗಳು ಅವನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದು ಬಿಡಾರದ ಮುಂದೆ ಸುರಿದು ಹೋಗುತ್ತವೆ. ದೃಶ್ಯ ನಗೆ ತರಿಸುವಂಥದು. ಆದರೆ ಪರಿಣಾಮ ಗಂಭೀರ. ತಂಡದ ಒಟ್ಟು ಮೂರ್ಛೆಗಳು ಮೂರಾದರೆ ಬೇಟೆ ಅಲ್ಲಿಗೆ ವಿಫಲ. ಮೂರೂ ಬಾರಿ ಒಬ್ಬನೇ ಬಿದ್ದಿರಲಿ, ಮೂವರು ಒಂದೊಂದು ಬಾರಿ ಬಿದ್ದಿರಲಿ, ಲೆಕ್ಕ ತಂಡದ್ದೇ. ಪ್ರತಿ ಮೂರ್ಛೆಗೂ ಎಲ್ಲರ ಬಹುಮಾನದ ಹಣದಲ್ಲಿ ಕಡಿತವುಂಟು. ಆದಕಾರಣ ನಿಪುಣನು ತನ್ನ ಶೌರ್ಯವನ್ನು ಮೆರೆಯುವುದಕ್ಕಿಂತ ತಂಡದಲ್ಲಿನ ದುರ್ಬಲನನ್ನು ಕಾಯುವುದೇ ಲಾಭಕರವಾಗುತ್ತದೆ. ಸುತ್ತಲಿನವರೆಲ್ಲರ ಗಾಯ ಮಾಗಿಸುವ ಪುಡಿಯೊಂದಿದೆ. ಅದನ್ನು ಕೂಡಿಟ್ಟುಕೊಂಡು ಬರುವವನು ಎಲ್ಲ ತಂಡಗಳಿಗೂ ಬೇಕಾದವನು.

ಇನ್ನೊಂದು ನಿಯಮ ಅಷ್ಟೇ ಸೂಕ್ಷ್ಮವಾದುದು. ಬೀಸಿದ ಖಡ್ಗ ಜೊತೆಗಾರನಿಗೆ ತಾಗಿದರೆ ಅವನ ಪ್ರಾಣಕ್ಕೆ ಹಾನಿಯಿಲ್ಲ, ಆದರೆ ಅವನು ಮುಗ್ಗರಿಸುತ್ತಾನೆ, ಕೆಲವೊಮ್ಮೆ ಮೇಲಕ್ಕೆ ಎಗರಿ ಬೀಳುತ್ತಾನೆ. ಉದ್ದನೆಯ ಕತ್ತಿಯವನು ಮೃಗದ ಬಾಲದ ಕಡೆ, ಸುತ್ತಿಗೆಯವನು ತಲೆಯ ಕಡೆ ನಿಲ್ಲಬೇಕೆಂಬ ಅಲಿಖಿತ ಒಪ್ಪಂದ ಇದರಿಂದ ಹುಟ್ಟಿಕೊಂಡಿತು. ತಲೆಗೆ ಪೆಟ್ಟು ಬಿದ್ದರೆ ಮೃಗ ತತ್ತರಿಸುವುದು ಸುತ್ತಿಗೆಯಿಂದ; ಬಾಲ ತುಂಡಾಗುವುದು ಅಲಗಿನಿಂದ. ಅವರವರ ಸ್ಥಾನ ಅವರವರ ಉಪಕರಣಕ್ಕೆ ತಕ್ಕಂತೆ. ನಮ್ಮ ಕಬಡ್ಡಿಯಲ್ಲಿ ಏಳು ಮಂದಿ ಸರಪಳಿಯಂತೆ ಕೈಹಿಡಿದು ನಿಲ್ಲುವಾಗ ಮೂಲೆಯವನ ಕೆಲಸ ಬೇರೆ, ನಡುವಣವನ ಕೆಲಸ ಬೇರೆ ಎಂಬಂತೆಯೇ ಇದು. ವ್ಯತ್ಯಾಸವೆಂದರೆ ಕಬಡ್ಡಿಯಲ್ಲಿ ಎದುರು ನಿಂತಿರುವವರೂ ಮನುಷ್ಯರು. ಇಲ್ಲಿ ಮನುಷ್ಯನು ಮನುಷ್ಯನ ಎದುರಾಳಿಯಾಗುವುದಿಲ್ಲ. ೨೦೨೦ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ನಿಷೇಧಿಸಿದ 'ಪಬ್‌ಜಿ' ಮೊಬೈಲ್ ಆಟದಂತಹವುಗಳಿಗೂ ಇದಕ್ಕೂ ಇರುವ ಮೂಲಭೇದ ಇದೇ.

ಹಂಚಿಕೆಯ ವಿಷಯದಲ್ಲಿಯೂ ಜಾಣತನ ತೋರಿಸಲಾಗಿದೆ. ಮೃಗ ಬಿದ್ದ ಮೇಲೆ ಒಂದು ನಿಮಿಷದ ಅವಕಾಶ. ಅದರಲ್ಲಿ ಪ್ರತಿಯೊಬ್ಬನೂ ತನ್ನ ಚೂರಿಯಿಂದ ಗೊತ್ತಾದಷ್ಟು ಸಲ ತುಂಡುಗಳನ್ನು ತೆಗೆದುಕೊಳ್ಳಬಹುದು. ಒಬ್ಬನು ತೆಗೆದುಕೊಂಡುದರಿಂದ ಇನ್ನೊಬ್ಬನ ಪಾಲು ಕಡಿಮೆಯಾಗುವುದಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಹಿಂದಿನ ಬೇಟೆಗಳು ಜಗಳದಲ್ಲಿ ಮುಗಿಯುತ್ತಿದ್ದುದು ಪಾಲಿನ ಪ್ರಶ್ನೆಯಿಂದಲೇ ಎಂಬುದನ್ನು ಬಲ್ಲವರಿಗೆ ಈ ಏರ್ಪಾಡಿನ ಬೆಲೆ ತಿಳಿಯುವುದು. ನಿಜಜೀವನದಲ್ಲಿ ಇಂತಹ ಅಕ್ಷಯಪಾತ್ರೆ ಇಲ್ಲವೆಂಬುದು ಬೇರೆ ಮಾತು.

ಬೇಟೆಯೆಂಬುದು ಕನ್ನಡನಾಡಿಗೆ ಅಪರಿಚಿತವಾದ ವಿಷಯವೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳನ್ನು ವರ್ಣಿಸುವಾಗ ಮೃಗಯೆಗೆ ವಿಸ್ತಾರವಾದ ಸ್ಥಾನ ದೊರೆತಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. ೯೪೯-೫೦ರ ಶಿಲಾಶಾಸನ ಇನ್ನೂ ಅಪೂರ್ವವಾದುದು. ಗಂಗ ಬೂತುಗನ ಆಳಾದ ಮಣಲೇರನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಮಡಿದುದಕ್ಕಾಗಿ ನಿಲ್ಲಿಸಿದ ಸ್ಮಾರಕವದು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಕೆತ್ತಲ್ಪಟ್ಟಿವೆ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯನ್ನು ಬೇಟೆಯ ಸಹಭಾಗಿಯೆಂದು ಎಣಿಸಿ ಅದಕ್ಕೆ ಕಲ್ಲು ನಿಲ್ಲಿಸಿದ ನಾಡಿನವರಿಗೆ, ೨೦೦೮ರ ಆವೃತ್ತಿಯಲ್ಲಿ ಒಂಟಿ ಬೇಟೆಗಾರನ ಜೊತೆಗೆ ಹೊರಡುವ ಬೆಕ್ಕಾಗಲಿ, ೨೦೨೧ರ ಆವೃತ್ತಿಯಲ್ಲಿ ಅವನನ್ನು ಬೆನ್ನ ಮೇಲೆ ಹೊತ್ತು ಓಡುವ ನಾಯಿಯಾಗಲಿ ವಿಚಿತ್ರವೆನಿಸಲಾರವು. ಚಿತ್ರದುರ್ಗದ ಸೀಮೆಯಲ್ಲಿ ಬೇಡ ಸಮುದಾಯದ ಬೇಟೆಯ ಕೌಶಲವು ಪಾಳೆಯಗಾರರ ಸೈನ್ಯದ ಬಲವೂ ಆಗಿದ್ದಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು, ಹಾಗಾಗಬೇಕಾದುದೂ ಯುಕ್ತವೇ. ಆದರೆ ಹತ್ತಾರು ಮಂದಿ ಒಬ್ಬರ ಸನ್ನೆಯನ್ನು ಒಬ್ಬರು ಅರಿತು, ಮೌನವಾಗಿ ಬೆಟ್ಟವನ್ನು ಸುತ್ತುಗಟ್ಟುವ ಆ ವಿದ್ಯೆಯೂ ಅದರೊಡನೆ ಮರೆಯಾಯಿತೆಂಬುದನ್ನು ಅಲ್ಲಗಳೆಯಲಾಗದು. ಯಂತ್ರದ ತೆರೆಯ ಮೇಲೆ ಅದರ ನೆರಳೊಂದು ಉಳಿದುಕೊಂಡಿದೆ.

ಇಲ್ಲಿ ಒಂದು ಪ್ರಶ್ನೆಯನ್ನು ಎದುರಿಸದೆ ಮುಂದೆ ಹೋಗುವುದು ಸರಿಯಲ್ಲ. ಸಕಲ ಜೀವಿಗಳಲ್ಲಿ ದಯೆಯನ್ನೇ ಧರ್ಮದ ತಳಹದಿಯೆಂದು ಸಾರಿದ ಶರಣರ ಪರಂಪರೆಯ ಶಾಲೆಗಳಲ್ಲಿ ಓದುವ ಮಕ್ಕಳು ಕೊಲ್ಲುವ ಆಟವನ್ನಾಡಬಹುದೇ? ಕೊಲ್ಲುವುದು ಬೆಳಕಿನ ಚಿತ್ರವನ್ನು ಮಾತ್ರ ಎಂದು ಹೇಳಿ ನುಣುಚಿಕೊಳ್ಳುವುದು ಸುಲಭ. ಆದರೆ ಮನಸ್ಸಿನ ಅಭ್ಯಾಸವೂ ಒಂದು ಕ್ರಿಯೆಯೇ ಅಲ್ಲವೆ. ಬೇಡರ ಕಣ್ಣಪ್ಪನು ಪುರಾತನರ ಸಾಲಿನಲ್ಲಿ ಪೂಜ್ಯನಾದುದು ಬೇಟೆಯಿಂದಲ್ಲ, ತನ್ನ ಕಣ್ಣನ್ನೇ ಕಿತ್ತು ಕೊಟ್ಟ ಭಕ್ತಿಯಿಂದ. ಆದುದರಿಂದ ಆತನ ಹೆಸರನ್ನು ಈ ಆಟದ ಸಮರ್ಥನೆಗೆ ಎಳೆತರುವುದು ತರವಲ್ಲ. ಆಟದೊಳಗೆ ಊರನ್ನು ಹಾಳುಗೆಡಹುವ ಮೃಗಗಳಂತೆಯೇ ತನ್ನ ಪಾಡಿಗೆ ತಾನು ಮರಳಿನಲ್ಲಿ ಕಳ್ಳಿಯನ್ನು ಮೇಯುವ 'ಡಿಯಾಬ್ಲೋಸ್' ಎಂಬ ಕೊಂಬಿನ ಮೃಗವೂ ಬೇಟೆಗೆ ಗುರಿಯಾಗುತ್ತದೆ. ಹುಲ್ಲು ತಿನ್ನುವ ಸಾಧುಪ್ರಾಣಿಗಳೂ ಮಾಂಸಕ್ಕಾಗಿ ಬೀಳುತ್ತವೆ. ಇದಕ್ಕೆ ಆಟದ ಬಳಿ ಇರುವ ಉತ್ತರ ಅರ್ಧ ಮಾತ್ರ. ಬಹುಪಾಲು ದೊಡ್ಡ ಮೃಗಗಳನ್ನು ಕೊಲ್ಲದೆ ಹಿಡಿಯಲು ಸಾಧ್ಯವಿದೆ. ಅದು ಸೋತುಹೋಗುವವರೆಗೆ ಕಾದು, ಗುಂಡಿಯನ್ನೋ ಮಿಂಚಿನ ಬೋನನ್ನೋ ಒಡ್ಡಿ, ನಿದ್ರೆ ತರಿಸುವ ಗುಂಡನ್ನು ಎಸೆಯಬೇಕು. ಬೇಗ ಎಸೆದರೆ ಫಲವಿಲ್ಲ, ತಡವಾದರೆ ಮೃಗ ಸಾಯುತ್ತದೆ. ಆದಕಾರಣ ಹಿಡಿಯುವವನಿಗೆ ಕೊಲ್ಲುವವನಿಗಿಂತ ಹೆಚ್ಚಿನ ಸಂಯಮ ಬೇಕು. ಇಷ್ಟಾದರೂ ಹಿಂಸೆಯ ಪ್ರಶ್ನೆ ಪೂರ್ತಿಯಾಗಿ ಪರಿಹಾರವಾಯಿತೆನ್ನಲಾಗದು. ಚಿಕ್ಕಮಕ್ಕಳಿಗೆ ಈ ಆಟ ತಕ್ಕುದಲ್ಲ. ಬೆಳೆದವರ ಕೈಯಲ್ಲಿ ಇದು ಚರ್ಚೆಗೆ ಯೋಗ್ಯವಾದ ವಸ್ತು.

ಹಿಂಸೆಗಿಂತಲೂ ಹೆಚ್ಚು ಎಚ್ಚರ ಬೇಕಾದುದು ಆಶೆಯ ವಿಷಯದಲ್ಲಿ. ಒಂದು ಕವಚಕ್ಕೆ ಬೇಕಾದ ಅಪರೂಪದ ಹುರುಪೆಯೊಂದು ನೂರರಲ್ಲಿ ಕೆಲವೇ ಸಲ ದೊರೆಯುವಂತೆ ಲೆಕ್ಕ ಕಟ್ಟಲಾಗಿರುತ್ತದೆ. ಅದು ಸಿಕ್ಕುವವರೆಗೆ ಅದೇ ಮೃಗವನ್ನು ಹತ್ತು ಸಲ, ಇಪ್ಪತ್ತು ಸಲ ಬೇಟೆಯಾಡುವುದುಂಟು. "ಇದೊಂದು ಸಲ" ಎಂಬ ಮಾತಿಗೆ ಕೊನೆಯಿಲ್ಲ. ಕೈಯಂತ್ರದಲ್ಲಿ ಬೆರಳುಗಳ ಪಾಡೂ ಹಾಗೆಯೇ. ಎಡಗೈಯ ಹೆಬ್ಬೆರಳಿನಿಂದ ಬೇಟೆಗಾರನನ್ನು ನಡೆಸುತ್ತ, ಅದೇ ಕೈಯ ತೋರುಬೆರಳನ್ನು ಕೊಕ್ಕೆಯಂತೆ ಬಾಗಿಸಿ ನೋಟವನ್ನು ತಿರುಗಿಸುವ ಒಂದು ವಿಲಕ್ಷಣ ಹಿಡಿತವನ್ನು ಜಪಾನಿನ ಹುಡುಗರು ರೂಢಿಸಿಕೊಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದ ೧೧ನೆಯ ಆವೃತ್ತಿಯಲ್ಲಿ ಆಟದ ಗೀಳನ್ನು ಒಂದು ವ್ಯಾಧಿಯೆಂದು ಸೇರಿಸಿಕೊಂಡಿತು. ೨೦೧೯ರಲ್ಲಿ ಅಂಗೀಕೃತವಾದ ಈ ಆವೃತ್ತಿ ೨೦೨೨ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಬಹಳ ಹೊತ್ತು ಆಡುವವರೆಲ್ಲರೂ ರೋಗಿಗಳೆಂದು ಅದು ಹೇಳುವುದಿಲ್ಲ. ಆಟದ ಮೇಲಿನ ಹತೋಟಿ ತಪ್ಪಿ, ಊಟ, ನಿದ್ರೆ, ಓದುಗಳಿಗಿಂತ ಆಟವೇ ಮುಂದಾಗಿ, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿದಿದ್ದರೆ ಮಾತ್ರ ಆ ಹೆಸರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ೨೦೧೪ರಲ್ಲಿಯೇ ಯಂತ್ರಗಳ ಅತಿಬಳಕೆಗೆಂದು 'ಷಟ್' ಚಿಕಿತ್ಸಾಲಯ ಪ್ರಾರಂಭವಾಯಿತು. ನಮ್ಮ ಜಿಲ್ಲೆಯ ತಂದೆತಾಯಿಗಳು ಅಗತ್ಯ ಬಿದ್ದಾಗ ಸಂಕೋಚಪಡದೆ ಅದರ ಸಹಾಯ ಪಡೆಯುವುದು ಯುಕ್ತ.

ಹಣದ ಆಟಗಳ ಮಾತೇ ಬೇರೆ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಪಣವೊಡ್ಡಿ ಆಡುವ ಆಟಗಳನ್ನು ನಿಷೇಧಿಸಿ, ಪಣವಿಲ್ಲದ ಆಟಗಳನ್ನು ಅವುಗಳಿಂದ ಬೇರ್ಪಡಿಸಿದೆ. ಶಾಸನವೇ ಈ ಭೇದವನ್ನು ಗುರುತಿಸಿರುವಾಗ ಶಿಕ್ಷಕರು ಗುರುತಿಸದಿದ್ದರೆ ಹೇಗೆ?

ಜಪಾನಿನಲ್ಲಿ ಈ ಕೈಯಂತ್ರದ ಆಟ ಒಂದು ಸಾಮಾಜಿಕ ರೂಢಿಯಾಗಿಯೇ ಬೆಳೆಯಿತು. ಶಾಲೆ ಬಿಟ್ಟ ಹುಡುಗರೂ ಕಚೇರಿ ಬಿಟ್ಟ ಉದ್ಯೋಗಸ್ಥರೂ ಉಪಾಹಾರಗೃಹಗಳಲ್ಲಿ, ರೈಲುನಿಲ್ದಾಣಗಳಲ್ಲಿ ಮೇಜಿನ ಸುತ್ತ ನಾಲ್ವರಾಗಿ ಕುಳಿತು ಒಂದು ಬೇಟೆ ಮುಗಿಸಿ ಮನೆಗೆ ಹೋಗುತ್ತಿದ್ದರು. ಮೂರನೆಯ ಭಾಗದ ಕಥೆ ಬಿಸಿನೀರಿನ ಬುಗ್ಗೆಗಳ ಹಳ್ಳಿಯಲ್ಲಿ ನಡೆಯುವುದರಿಂದ, ನಾಗಾನೊ ಪ್ರಾಂತದ ಶಿಬು ಎಂಬ ನಿಜವಾದ ಬಿಸಿನೀರ ಬುಗ್ಗೆಗಳ ಊರು ಆಟದ ಸಂಸ್ಥೆಯೊಡನೆ ಸೇರಿ ತನ್ನ ಬೀದಿಗಳನ್ನು ಆ ಹಳ್ಳಿಯಂತೆ ಅಲಂಕರಿಸಿ ಯಾತ್ರಿಕರನ್ನು ಬರಮಾಡಿಕೊಂಡಿತು. ೨೦೦೮ರ ಆವೃತ್ತಿಯ ಚಾವಡಿಯ ಬೇಟೆಗಳಲ್ಲಿ ಒಬ್ಬನೇ ಹೋದರೂ ನಾಲ್ವರು ಹೋದರೂ ಮೃಗದ ಬಲ ಅಷ್ಟೇ ಇರುತ್ತಿತ್ತು. ಒಂಟಿಯಾಗಿ ಗೆಲ್ಲುವುದು ಅಸಾಧ್ಯವಲ್ಲ, ಆದರೆ ಬಹು ಕಷ್ಟ. ಹೀಗೆ ಸಂಗಾತಿಯನ್ನು ಹುಡುಕುವ ಅನಿವಾರ್ಯತೆ ಆಟದಲ್ಲಿಯೇ ಅಡಗಿತ್ತು, ಸಂಗಾತಿಯು ಕೈಗೆಟುಕುವಷ್ಟು ದೂರದಲ್ಲಿರಬೇಕಾಗಿಯೂ ಇತ್ತು. ತಪ್ಪಿದಾಗ ಮುಖ ನೋಡಿಯೇ ಕ್ಷಮೆ ಕೇಳಬೇಕು.

ಮುಂದೆ ಈ ಸ್ಥಿತಿ ಬದಲಾಯಿತು. ೨೦೧೧ರಿಂದ ಆಟ ನಿಂಟೆಂಡೊ ಸಂಸ್ಥೆಯ ಕೈಯಂತ್ರಕ್ಕೂ ಬಂದಿತು. ೨೦೧೮ರಲ್ಲಿ 'ಮಾನ್‌ಸ್ಟರ್ ಹಂಟರ್ ವರ್ಲ್ಡ್' ಎಂಬ ಆವೃತ್ತಿ ಅಂತರ್ಜಾಲದ ಮೂಲಕ ಜಗತ್ತಿನ ಯಾವ ಮೂಲೆಯವರೊಡನೆಯಾದರೂ ಆಡುವಂತೆ ಹೊರಬಂದು ೨ ಕೋಟಿಗೂ ಮಿಕ್ಕಿ ಮಾರಾಟವಾಯಿತು. ೨೦೨೫ರ ಫೆಬ್ರುವರಿಯಲ್ಲಿ ಬಂದ 'ವೈಲ್ಡ್ಸ್' ಅದೇ ದಾರಿಯದು. ಅಪರಿಚಿತನೊಡನೆ ಬೇಟೆಯಾಡಿ, ಹೆಸರೂ ಕೇಳದೆ ಬೀಳ್ಕೊಡುವುದು ಈಗಿನ ಪದ್ಧತಿ. ೨೦೨೩ರ ಸೆಪ್ಟೆಂಬರಿನಲ್ಲಿ ಮೊಬೈಲ್ ದೂರವಾಣಿಗೆಂದು ಬಂದ 'ಮಾನ್‌ಸ್ಟರ್ ಹಂಟರ್ ನೌ' ಎಂಬುದರಲ್ಲಿ ಆಡುವವನು ನಿಜವಾಗಿಯೂ ಬೀದಿಯಲ್ಲಿ ನಡೆಯಬೇಕು. ನಕ್ಷೆಯಲ್ಲಿ ಕಂಡ ಮೃಗವನ್ನು ೭೫ ಸೆಕೆಂಡುಗಳೊಳಗೆ ಗೆಲ್ಲಬೇಕು. ಕಾಲುಗಳಿಗೆ ವ್ಯಾಯಾಮವಾಗುವುದೊಂದು ಲಾಭ. ಆದರೆ ೫೦ ನಿಮಿಷಗಳ ತಾಳ್ಮೆಯನ್ನು ೭೫ ಸೆಕೆಂಡುಗಳಿಗೆ ಇಳಿಸಿದ ಮೇಲೆ ಮೃಗದ ನಡೆಯನ್ನು ಓದುವ ವಿದ್ಯೆಗೆ ಅಲ್ಲಿ ಎಡೆ ಬಹಳ ಕಡಿಮೆ.

ನಮ್ಮ ದೇಶದ ಮಾತಿಗೆ ಬಂದರೆ, ಅದೇ ಸೋನಿ ಕೈಯಂತ್ರಕ್ಕೆ ೨೦೦೯ರಲ್ಲಿ 'ದೇಸಿ ಅಡ್ಡಾ' ಎಂಬ ಆಟಗಳ ಸಂಕಲನವೊಂದು ಹೈದರಾಬಾದಿನ ಗೇಮ್‌ಶಾಸ್ತ್ರ ಸಂಸ್ಥೆಯಿಂದ ತಯಾರಾಯಿತು. ಕಬಡ್ಡಿ, ಚಿನ್ನಿದಾಂಡುಗಳನ್ನು ಅದು ತೆರೆಗೆ ತಂದಿತು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ೧೯೯೭ರಲ್ಲಿಯೇ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ವಿದೇಶಗಳ ಆಟಗಳಿಗೆ ಚಿತ್ರಕಲೆಯ ಕೆಲಸವನ್ನು ಮಾಡಿಕೊಡತೊಡಗಿದರು. ೨೦೧೯ರಲ್ಲಿ ಅದನ್ನು ರಾಕ್‌ಸ್ಟಾರ್ ಸಂಸ್ಥೆ ಕೊಂಡುಕೊಂಡಿತು. ಈ ಉದ್ಯಮಕ್ಕೆಂದು ಪ್ರತ್ಯೇಕ ನೀತಿಯನ್ನು ೨೦೧೨ರಲ್ಲಿ ರೂಪಿಸಿದ ಕೀರ್ತಿ ಕರ್ನಾಟಕ ಸರ್ಕಾರದ್ದು. ಒಂದು ಮೃಗವನ್ನು ತೆರೆಯ ಮೇಲೆ ನಡೆಸಬೇಕಾದರೆ ಚಿತ್ರಕಾರನೂ ಪ್ರಾಣಿಗಳ ಎಲುಬಿನ ಜೋಡಣೆ ಬಲ್ಲವನೂ ಗಣಿತಜ್ಞನೂ ಸಂಗೀತಗಾರನೂ ಕಥೆಗಾರನೂ ಒಂದುಗೂಡಬೇಕು. ಚಿತ್ರಕಲೆ, ಸಂಗೀತ ತರಗತಿಗಳನ್ನು ಪರೀಕ್ಷೆಗೆ ಬಾರದ ವಿಷಯಗಳೆಂದು ಕಡೆಗಣಿಸುವ ಶಾಲೆಗಳಿಂದ ಇಂತಹವರು ಹೊರಬರಲಾರರು. ದಾನಿಗಳು ಕಟ್ಟಡಗಳಿಗೆ ಕೊಡುವುದರಲ್ಲಿ ಒಂದಂಶವನ್ನು ಈ ಕಡೆಗೂ ತಿರುಗಿಸಬಹುದು.

ಭಾಷೆಯ ಕೊರತೆಯನ್ನೂ ಹೇಳಲೇಬೇಕು. ಈ ಆಟದ ಯಾವ ಆವೃತ್ತಿಯೂ ಕನ್ನಡದಲ್ಲಿಲ್ಲ. ಆಟದೊಳಗೆ ಓದಬೇಕಾದುದು ಅಲ್ಪಸ್ವಲ್ಪವಲ್ಲ: ಪ್ರತಿ ಮೂಲಿಕೆಗೂ, ಪ್ರತಿ ಮೃಗಕ್ಕೂ, ಪ್ರತಿ ಬೇಟೆಗೂ ವಿವರಣೆಗಳಿವೆ. ಅದೆಲ್ಲವನ್ನೂ ನಮ್ಮ ಹುಡುಗರು ಇಂಗ್ಲಿಷಿನಲ್ಲಿಯೇ ಓದಬೇಕು. ಇಂತಹ ಆಟವನ್ನು ಬಲ್ಲ ವಿದ್ಯಾರ್ಥಿಯಿಂದ ಒಂದು ಮೃಗದ ಲಕ್ಷಣ, ಆಹಾರ, ನೆಲೆ, ದೌರ್ಬಲ್ಯಗಳನ್ನು ಕನ್ನಡದಲ್ಲಿ ಒಂದು ಪುಟ ಬರೆಯಿಸಿ ನೋಡಿದರೆ, ಹಸುವಿನ ಮೇಲೆ ಬರೆಯುವ ಪ್ರಬಂಧಕ್ಕಿಂತ ಭಿನ್ನವಾದ ಗದ್ಯವೊಂದು ಅಧ್ಯಾಪಕರ ಕೈಗೆ ಬರುವ ಸಂಭವವಿದೆ.

ಪ್ಲೇಸ್ಟೇಷನ್ ಪೋರ್ಟಬಲ್ ಯಂತ್ರ ಜಗತ್ತಿನಾದ್ಯಂತ ೭ ಕೋಟಿಗೂ ಮಿಕ್ಕಿ ಮಾರಾಟವಾಗಿ ೨೦೧೪ರಲ್ಲಿ ಅಂಗಡಿಗಳಿಂದ ನಿರ್ಗಮಿಸಿತು. ಅಂತರ್ಜಾಲವನ್ನು ನಂಬಿದ್ದ ಹಳೆಯ ಆವೃತ್ತಿಗಳ ಗತಿ ಬೇರೆಯಾಯಿತು. ನಿಂಟೆಂಡೊ ಕೈಯಂತ್ರದ ಅಂತರ್ಜಾಲ ಸ್ಥಾನಗಳು ೨೦೨೪ರ ಏಪ್ರಿಲಿನಲ್ಲಿ ಮುಚ್ಚಲ್ಪಟ್ಟು, ದೂರದವರೊಡನೆ ಆ ಯಂತ್ರದಲ್ಲಿ ಬೇಟೆಯಾಡುವ ದಾರಿ ಅಂದಿಗೆ ಕಡಿಯಿತು. ಸೋನಿಯ ಹಳೆಯ ಕೈಯಂತ್ರಗಳ ನಡುವಣ ಮಾತಿಗೆ ಮಾತ್ರ ಯಾವ ಸಂಸ್ಥೆಯ ಬಾಗಿಲೂ ತೆರೆದಿರಬೇಕಾಗಿಲ್ಲ. ಬ್ಯಾಟರಿಯಲ್ಲಿ ಜೀವವಿರುವ ನಾಲ್ಕು ಯಂತ್ರಗಳನ್ನು ಒಂದೇ ಕೋಣೆಯಲ್ಲಿಟ್ಟರೆ ಅವು ಇಂದಿಗೂ ಒಂದನ್ನೊಂದು ಗುರುತಿಸುತ್ತವೆ. ನಾಲ್ವರು ಕುಳಿತರೆ ಬೇಟೆ ಹೊರಡುತ್ತದೆ.